ಮಾವನ ಗಡ್ಡ

ಕಟಿಂಗ್ ಶಾಪಿನವನು ಕೋಣೆಯೊಳಗೆ ಹೋಗಿ ಎರಡು ನಿಮಿಷ ಆಗಿರಲಿಲ್ಲ, ಹೊರಗೆ ಬಂದ. ಅವನ ಅಂಗಿಯ ಜೇಬಿನ ಮೇಲೆ ಉಗುಳು ಇಳಿಯುತ್ತಿತ್ತು. ಕೈಯಲ್ಲಿದ್ದ ಟ್ರಿಮ್ಮರ್ ಇನ್ನೂ ಗುಂಯ್ ಎನ್ನುತ್ತಲೇ ಇತ್ತು. ಅದನ್ನು ಆರಿಸಬೇಕೆಂಬುದೂ ಅವನಿಗೆ ಹೊಳೆದಿರಲಿಲ್ಲ.

“ನನ್ನಿಂದ ಆಗಲ್ಲಮ್ಮ,” ಎಂದ. “ಲಾಕಪ್ಪಿನಲ್ಲಿ ಇರೋರಿಗೂ ಮಾಡಿ ಬಂದಿದೀನಿ. ಅವರೂ ಉಗೀತಾರೆ. ಆದ್ರೆ ಹೀಗೆ ಗುರಿ ಇಟ್ಟು ಉಗಿಯಲ್ಲ.”

ಅಳಿಯ ನೋಡುತ್ತಿದ್ದಂತೆ ಅತ್ತೆ ಒದ್ದೆ ಬಟ್ಟೆ ತಂದುಕೊಟ್ಟರು. ಅವನು ಜೇಬು ಒರೆಸಿಕೊಳ್ಳುತ್ತಿರುವಾಗಲೇ ಒಳಗಿನಿಂದ ಇನ್ನೊಂದು ಸಲ ಕೇಳಿಸಿತು: “ಥೂ!”

ಮಾವನಿಗೆ ಪಾರ್ಶ್ವವಾಯು ಹೊಡೆದು ತಿಂಗಳ ಮೇಲಾಗಿತ್ತು. ಮುದುಕನ ಬಲಗೈ, ಬಲಗಾಲು, ಬಲಗೆನ್ನೆ ಸತ್ತಂತಿದ್ದವು. ಮಾತೂ ಹೋಗಿತ್ತು. ಅಷ್ಟೂ ಮಾತುಗಳಲ್ಲಿ ಉಳಿದದ್ದು ಇದೊಂದೇ. ಬಾಯಾರಿದರೂ ಥೂ, ಹೊದಿಕೆ ಜಾರಿದರೂ ಥೂ, ಹೆಂಡತಿಯನ್ನು ಕರೆಯುವುದಕ್ಕೂ ಥೂ. ಕೆಲವು ರೋಗಿಗಳಿಗೆ ಹೀಗೆ ಒಂದೇ ಶಬ್ದ ಉಳಿಯುತ್ತದೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಡಾಕ್ಟರು ಸಮಾಧಾನ ಹೇಳಿದಾಗ ಅತ್ತೆ, “ಅಯ್ಯೋ, ಮೊದ್ಲೂ ಇದ್ದದ್ದು ಅದೊಂದೇ ಮಾತು ಡಾಕ್ಟ್ರೇ. ಹೋಗಿದ್ದಾದ್ರೂ ಏನು?” ಎಂದಿದ್ದರು.

ಅತ್ತೆಯ ಮಾತಿನಲ್ಲಿ ಉತ್ಪ್ರೇಕ್ಷೆ ಎಳ್ಳಷ್ಟೂ ಇರಲಿಲ್ಲ. ಮುದುಕ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನು. ಜೀವಮಾನವಿಡೀ ಅಂಗಡಿ ಅಂಗಡಿ ಹೊಕ್ಕು, ತಕ್ಕಡಿ ಎತ್ತಿ ನೋಡಿ, ಎಲ್ಲರ ಕಲ್ಲೂ ಕಡಿಮೆ ಎಂದು ಬರೆದವನು. ಹಾಗೆ ಬರೆದೂ ಬರೆದೂ ಮನುಷ್ಯರೆಲ್ಲ ಅವನ ಕಣ್ಣಿಗೆ ಕಡಿಮೆ ತೂಕದವರಾಗಿಯೇ ಕಾಣತೊಡಗಿದರು. ಹೆಂಡತಿ ಕಡಿಮೆ, ಮಗಳು ಸ್ವಲ್ಪ ಕಡಿಮೆ, ಅಳಿಯನನ್ನಂತೂ ತಕ್ಕಡಿಗೆ ಹಾಕುವುದೇ ದಂಡ. ಸರಿತೂಕದವನು ತಾನೊಬ್ಬನೇ. ಅದಕ್ಕೆ ಸಾಕ್ಷಿಯಾಗಿ ಅವನು ಲೋಕದ ಮುಂದೆ ಇಟ್ಟಿದ್ದು ತನ್ನ ಮುಖವನ್ನು. ಒಂದು ಬೆಳಗೂ ತಪ್ಪದೆ ಬೋಳಿಸಿದ, ಉಜ್ಜಿಟ್ಟ ತಂಬಿಗೆಯಂಥ ಮುಖ. ಜ್ವರ ಬಂದವನು ಕೂಡ ಶೇವ್ ಮಾಡಿಕೊಂಡೇ ಮಲಗಬೇಕು ಎಂಬುದು ಅವನ ಮತವಾಗಿತ್ತು.

ಈಗ ಆ ಮುಖದ ಮೇಲೆ ಬಿಳಿಗಡ್ಡ ಕಳೆಯ ಹಾಗೆ ಎದ್ದು ನಿಂತಿತ್ತು. ಸತ್ತ ಕೆನ್ನೆಯ ಮೇಲೂ ಬದುಕಿದ ಕೆನ್ನೆಯ ಮೇಲೂ ಒಂದೇ ಸಮ ಬೆಳೆದಿತ್ತು. ಮುದುಕ ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಯಾರ ಕಡೆಗೂ ತಿರುಗುತ್ತಿರಲಿಲ್ಲ. ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಲು ಗಾಲಿಕುರ್ಚಿಯಲ್ಲಿ ಕೂರಿಸಿದರೆ, ಹೊಸ್ತಿಲ ಹತ್ತಿರ ಬಂದದ್ದೇ ಎಡಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ಬಿಡುತ್ತಲೇ ಇರಲಿಲ್ಲ. ಹಿಡಿದ ಕೈಯನ್ನು ಬಿಡಿಸಿದರೆ ಆ ಕೈ ನೇರ ಗಡ್ಡಕ್ಕೆ ಹೋಗುತ್ತಿತ್ತು. ಈ ಅವತಾರದಲ್ಲಿ ಬೀದಿಗೆ ಬರುವುದಿಲ್ಲ ಎಂಬುದು ಮಾತಿಲ್ಲದೆಯೂ ಎಲ್ಲರಿಗೂ ಅರ್ಥವಾಗುತ್ತಿತ್ತು. ಬರಬೇಕಾದ ಶಕ್ತಿ ಬಂದರೆ ಈ ಮೊದಲ ತಿಂಗಳುಗಳಲ್ಲೇ ಬರಬೇಕು, ಆಮೇಲೆ ನನ್ನನ್ನು ಕೇಳಬೇಡಿ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

ಹೆಂಗಸರ ಕೈಗೆ ಮುಖ ಕೊಡುವವನಲ್ಲ ಅವನು. ಹೆಂಡತಿ ರೇಜರ್ ಹಿಡಿದು ಬಂದ ದಿನ ಅದನ್ನು ಕಿತ್ತುಕೊಂಡು ಎಡಗೈಯಲ್ಲಿ ತಾನೇ ಪ್ರಯತ್ನಿಸಿ ಕಿವಿಯ ತುದಿ ಕೊಯ್ದುಕೊಂಡಿದ್ದ. ಮಗಳು ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು, ಕೈ ನಡುಗುವವಳಲ್ಲ. ಅವಳು ಹತ್ತಿರ ಬಂದಾಗ ಮಣಿಕಟ್ಟು ಹಿಡಿದು ತಿರುಚಿದ್ದ. ಉಳಿದಿದ್ದವನು ಕಟಿಂಗ್ ಶಾಪಿನವನು. ಅವನೂ ಈಗ ಜೇಬು ಒರೆಸಿಕೊಂಡು ಮೆಟ್ಟಿಲಿಳಿದಿದ್ದ.

“ನಾನು ಮಾಡ್ಲಾ?” ಎಂದ ಅಳಿಯ.

ಅತ್ತೆ ಮತ್ತು ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆಗೆ ನಗು ತಡೆಯಲಾಗಲಿಲ್ಲ. ತಿಂಗಳಾದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ನಗುವುದಕ್ಕೆ ಕಾರಣವಿತ್ತು. ಇಪ್ಪತ್ತು ವರ್ಷದ ಹಿಂದೆ, ಮದುವೆಯ ಮಾತಿಗೆಂದು ಈ ಅಳಿಯ ಮೊದಲ ಸಲ ಈ ಮನೆಯ ಹೊಸ್ತಿಲು ತುಳಿದಾಗ ಅವನ ಗಲ್ಲದ ಮೇಲೆ ಪೇಪರಿನ ಚೂರೊಂದು ಅಂಟಿಕೊಂಡಿತ್ತು. ಬೆಳಗ್ಗೆ ಗಡಿಬಿಡಿಯಲ್ಲಿ ಕೊಯ್ದುಕೊಂಡು, ರಕ್ತ ನಿಲ್ಲಲೆಂದು ಹಚ್ಚಿದವನು ತೆಗೆಯಲು ಮರೆತಿದ್ದ. ಮುದುಕ, ಆಗಿನ್ನೂ ಮುದುಕನಲ್ಲ, ಅವನ ಕೆಲಸ, ಸಂಬಳ, ಅಪ್ಪ ಅಮ್ಮ ಒಂದನ್ನೂ ಕೇಳಲಿಲ್ಲ. ಆ ಚೂರನ್ನೇ ದಿಟ್ಟಿಸಿ, ಮಗಳಿಗೆ ಕೇಳಿಸುವ ಹಾಗೆ, “ತನ್ನ ಮುಖದ ಮೇಲೇ ದಾರಿ ಗೊತ್ತಿಲ್ಲ ಇವನಿಗೆ. ಸಂಸಾರ ಎಲ್ಲಿಗೆ ಓಡಿಸ್ತಾನಂತೆ? ಥೂ!” ಎಂದು ಎದ್ದುಹೋದ. ಮಗಳು ಹಟ ಹಿಡಿದಳು, ಮದುವೆ ಆಯಿತು. ಆ ಥೂ ಮಾತ್ರ ಅಳಿಯನ ಕಿವಿಯಲ್ಲಿ ಹಾಗೇ ಕೂತುಬಿಟ್ಟಿತು.

ಬೇರೆ ಯಾರಾದರೂ ಆಗಿದ್ದರೆ ಮಾವನಿಗೆ ನಾಲ್ಕು ಮಾತು ಬೈದು ಹಗುರಾಗುತ್ತಿದ್ದರು. ಈ ಮನುಷ್ಯ ಶೇವಿಂಗ್ ಕಲಿಯಲು ಹೊರಟ. ನೀರು ಸರಬರಾಜು ಮಂಡಳಿಯಲ್ಲಿ ಮೀಟರ್ ಪರೀಕ್ಷಿಸುವ ಕೆಲಸ ಅವನದು; ಮುಳ್ಳು ಕೂದಲೆಳೆಯಷ್ಟು ತಪ್ಪಿದರೂ ಕಂಡುಹಿಡಿಯುವ ಬುದ್ಧಿಯನ್ನು ತನ್ನ ಗಲ್ಲದ ಮೇಲೆ ಖರ್ಚು ಮಾಡತೊಡಗಿದ. ಬ್ರಷ್ಷುಗಳೇ ಏಳೆಂಟು ಬಂದವು. ಹಂದಿಕೂದಲಿನದು ಒರಟಂತೆ, ಆದರೆ ಪಳಗುತ್ತದಂತೆ. ಕುದುರೆಕೂದಲಿನದು ಮಧ್ಯಮವಂತೆ. ಎಲ್ಲೋ ದೂರದಲ್ಲಿ ಬಿಲ ತೋಡಿಕೊಂಡು ಮಲಗುವ ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನದಕ್ಕೆ ಸರಿಸಾಟಿಯೇ ಇಲ್ಲವಂತೆ, ನೀರನ್ನು ಹಿಡಿದಿಟ್ಟುಕೊಳ್ಳುತ್ತದಂತೆ. ಆ ಪ್ರಾಣಿಯನ್ನು ಅವನು ಕಣ್ಣಾರೆ ಕಂಡವನಲ್ಲ. ಆದರೆ ಅದರ ಹೊಟ್ಟೆಯ ಕೂದಲು ಬೇರೆ, ಬೆನ್ನಿನ ಕೂದಲು ಬೇರೆ ಎಂದು ಊಟಕ್ಕೆ ಕೂತವರಿಗೆ ವಿವರಿಸುತ್ತಿದ್ದ. ಅವರು ಅರ್ಧಕ್ಕೆ ಕೈ ತೊಳೆಯುತ್ತಿದ್ದರು.

ರೇಜರುಗಳದು ಇನ್ನೊಂದು ಪುರಾಣ. ಬಾಚಣಿಗೆಯ ಹಲ್ಲಿನಂಥ ಅಂಚಿನದು, ನುಣುಪು ಅಂಚಿನದು, ಹಿಡಿ ತಿರುಗಿಸಿದರೆ ಮೇಲೆ ಎರಡು ರೆಕ್ಕೆ ಬಿಚ್ಚಿಕೊಳ್ಳುವುದು. ಇವೆಲ್ಲದರ ತಲೆಯ ಮೇಲೆ ಕೂತಿದ್ದು ಮಡಚುವ ಉದ್ದನೆಯ ಕತ್ತಿ, ಅದನ್ನು ಮಸೆಯಲು ಚರ್ಮದ ಪಟ್ಟಿ. ತನ್ನ ಮುಖದಲ್ಲಿ ಕೂದಲು ಎಲ್ಲೆಲ್ಲಿ ಯಾವ ಕಡೆ ಮಲಗಿದೆ ಎಂಬುದನ್ನು ಅವನು ಪಾಠದಂತೆ ಬಾಯಿಪಾಠ ಮಾಡಿದ್ದ. ಕತ್ತಿನ ಬಲಗಡೆ ದವಡೆಯ ಕೆಳಗೆ ಒಂದು ಸುಳಿ ಇತ್ತು, ಅಲ್ಲಿ ಮಾತ್ರ ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಆ ಸುಳಿಯ ಬಗ್ಗೆ ಅವನಿಗಿದ್ದ ಹೆಮ್ಮೆ ಕೆಲವರಿಗೆ ಮಕ್ಕಳ ಬಗ್ಗೆಯೂ ಇರುವುದಿಲ್ಲ. ವಾರಕ್ಕೊಮ್ಮೆ ಇದೇ ಗೀಳಿನ ನಾಲ್ಕಾರು ಗಂಡಸರು ಅವನ ಮನೆಯಲ್ಲಿ ಸೇರುತ್ತಿದ್ದರು. ಸಾಬೂನು ಮೂಸುವುದು, ನೊರೆ ಎಬ್ಬಿಸುವುದು, ಆಮೇಲೆ ಒಬ್ಬರ ಕೆನ್ನೆಯನ್ನು ಒಬ್ಬರು ಸವರಿ ತಲೆದೂಗುವುದು. ಬಾಗಿಲು ತೆರೆದಿಟ್ಟು ಹಗಲು ಹೊತ್ತಿನಲ್ಲಿ ನಡೆಯುತ್ತಿದ್ದ ವಿದ್ಯಮಾನ ಇದು.

ಮಾವನ ನಿವೃತ್ತಿಯ ದಿನ ಅವನು ತನ್ನಲ್ಲಿದ್ದ ಅತ್ಯುತ್ತಮ ಬ್ಯಾಡ್ಜರ್ ಬ್ರಷ್ ಉಡುಗೊರೆ ಕೊಟ್ಟ. ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿ ಒಳಗೆ ತೆಗೆದುಕೊಂಡು ಹೋದ. ಮುಂದಿನ ವಾರ ಅಳಿಯ ಬಂದಾಗ ಅದು ಚಪ್ಪಲಿ ಗೂಡಿನ ಮೇಲಿತ್ತು, ಕಪ್ಪು ಪಾಲಿಶ್ ಮೆತ್ತಿಕೊಂಡು. “ಬೂಟಿಗೆ ಚೆನ್ನಾಗಿದೆ,” ಎಂದಿದ್ದ ಮಾವ. ತಾನು ಮಾತ್ರ ಮೋಟು ಬಿದ್ದ ತನ್ನ ಹಳೇ ಬ್ರಷ್ಷಿನಲ್ಲೇ, ಬಣ್ಣ ಹೋದ ಹಳೇ ರೇಜರಿನಲ್ಲೇ ಮುಖ ಬೆಳಗಿಸಿಕೊಂಡು ಬಂದ.

ಇಂಥ ಮಾವನ ಗಡ್ಡ ತೆಗೆಯುತ್ತೇನೆಂದು ಈಗ ಅಳಿಯ ಎದ್ದು ನಿಂತಿದ್ದ. ಮುಂದಿನ ರಜೆಯ ದಿನಕ್ಕೆ ಮುಹೂರ್ತ ನಿಶ್ಚಯವಾಯಿತು.

ಹಿಂದಿನ ದಿನ ಸಂಜೆ ಮಗಳು ಲ್ಯಾಬಿನಿಂದ ತನ್ನ ಮನೆಗೆ ಬಂದಾಗ ಊಟದ ಮೇಜಿನ ಮೇಲೆ ಟವೆಲ್ ಹಾಸಿ, ಅದರ ಮೇಲೆ ಆಯುಧಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡು ಗಂಡ ಕೂತಿದ್ದ. ಒಂದೊಂದನ್ನೇ ಎತ್ತಿ, ತೂಗಿ, ಇಡುತ್ತಿದ್ದ.

“ಏನ್ರೀ ಇದು, ಆಪರೇಷನ್ನಾ?”

“ನಿಮ್ಮಪ್ಪನ ಮುಖಕ್ಕೆ ಯಾವ್ದು ಹೊಂದುತ್ತೆ ಅಂತ ನೋಡ್ತಿದೀನಿ.”

“ಅಪ್ಪನ ಮುಖಕ್ಕೆ ಮನುಷ್ಯರೇ ಹೊಂದಲಿಲ್ಲ. ರೇಜರ್ ಎಲ್ಲಿಂದ ಹೊಂದುತ್ತೆ?”

ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ತಿಂಗಳ ಗಡ್ಡ, ಮೊದಲು ಕತ್ತರಿಯಲ್ಲಿ ಇಳಿಸಬೇಕು. ಮುದಿ ಚರ್ಮ ಸಡಿಲ, ಹಲ್ಲಿನ ಅಂಚಿನದು ಕಚ್ಚುತ್ತದೆ. ರೆಕ್ಕೆಯದು ಮೆದು, ಆದರೆ ಬಿಳಿಕೂದಲು ಗಡುಸು. ಹೀಗೆ ತನ್ನಷ್ಟಕ್ಕೆ ಉಪನ್ಯಾಸ ಕೊಟ್ಟುಕೊಂಡು ಕೊನೆಗೆ ಉದ್ದ ಕತ್ತಿಯನ್ನೇ ಎತ್ತಿಕೊಂಡ. ಬೇಕಿದ್ದದ್ದೂ ಅದೇ. ಉಳಿದದ್ದೆಲ್ಲ ಅಲ್ಲಿಗೆ ತಲುಪಲು ಹಾಕಿದ ಮೆಟ್ಟಿಲು. ಆಮೇಲೆ ಚೀಲದಿಂದ ಒಂದು ಬಲೂನು ತೆಗೆದು ಊದಿದ, ಅದರ ಮೇಲೆ ನೊರೆ ಹಚ್ಚಿದ, ಕತ್ತಿ ಬಿಚ್ಚಿದ.

“ರೀ, ದಿನಾ ಅಷ್ಟು ಜನಕ್ಕೆ ಸೂಜಿ ಚುಚ್ತೀನಿ,” ಎಂದಳು ಮಗಳು ಎದುರು ಕುರ್ಚಿ ಎಳೆದುಕೊಂಡು. “ಒಬ್ರಿಗೂ ಮುಂಚೆ ಬಲೂನಿಗೆ ಚುಚ್ಚಿ ನೋಡಿಲ್ಲ.”

“ಕಲಿಯೋರೆಲ್ಲ ಹೀಗೇ ಕಲಿಯೋದು. ಬಲೂನು ಒಡೀಲಿಲ್ಲ ಅಂದ್ರೆ ಕೈ ಕೂತಿದೆ ಅಂತ.”

ಬಲೂನು ಒಡೆಯಿತು. ನೊರೆ ಗೋಡೆಗೆ, ಗಡಿಯಾರಕ್ಕೆ, ಹೆಂಡತಿಯ ಮೂಗಿಗೆ ಹಾರಿತು.

“ಹೋಯ್ತು. ಅಪ್ಪ ಹೋದ್ರು,” ಎಂದು ಅವಳು ಮೂಗು ಒರೆಸಿಕೊಂಡಳು. ಅವನು ಒಡೆದ ರಬ್ಬರಿನ ಚಿಂದಿಯನ್ನು ಬೆರಳಲ್ಲಿ ಹಿಡಿದು ಕೂತಿದ್ದ. ಆ ಮುಖ ನೋಡಿ ಅವಳಿಗೆ ರೇಗಿತು, ಅಯ್ಯೋ ಅನ್ನಿಸಿತು, ಮತ್ತೆ ರೇಗಿತು. “ಯಾಕ್ರೀ ಬೇಕು ನಿಮಗೆ? ಯಾರಾದ್ರೂ ಗಂಡು ನರ್ಸನ್ನ ಕರೆಸೋಣ. ಅವರ ಮೇಲೆ ಉಗೀಲಿ.”

“ಒಂದ್ಸಲ,” ಎಂದ ಅವನು. “ಒಂದೇ ಸಲ ನಾನು ಶೇವ್ ಮಾಡಿದ ಕೆನ್ನೇನ ನಿಮ್ಮಪ್ಪ ಸವರಿ ನೋಡ್ಲಿ. ದಿನಾ ನೋಡ್ಕೋತಿದ್ರಲ್ಲ, ಅಂಗೈ ಕೆಳಗಿಂದ ಮೇಲಕ್ಕೆ ತಗೊಂಡು ಹೋಗಿ, ಹಾಗೆ. ಎಲ್ಲೂ ನಿಲ್ಲದೆ ಆ ಕೈ ಕಿವಿ ತನಕ ಹೋದ್ರೆ ಸಾಕು ನನಗೆ.”

“ಹೋದ್ರೂ ಬರೋದು ಅದೊಂದೇ ಮಾತು. ಅದನ್ನ ಕೇಳೋಕೆ ಇಪ್ಪತ್ತು ವರ್ಷ ಬ್ರಷ್ ತೊಳೆದ್ರಾ?”

“ಮಾತು ಯಾರಿಗೆ ಬೇಕು? ನಾನು ಕೈ ನೋಡ್ತೀನಿ.”

ಅವಳು ಎದ್ದುಹೋಗಿ ಗಡಿಯಾರದ ಮೇಲಿನ ನೊರೆ ಒರೆಸಿದಳು.

ಮರುದಿನ ಹನ್ನೊಂದಕ್ಕೆ ಫಿಸಿಯೋಥೆರಪಿಗೆ ಹೊತ್ತು ಗೊತ್ತಾಗಿತ್ತು. ಅಳಿಯ ಒಂಬತ್ತಕ್ಕೇ ಬಂದ. ಮುದುಕನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಟವೆಲ್ ಸುತ್ತಿ, ಕಿಟಕಿಯ ಸರಳಿಗೆ ಚರ್ಮದ ಪಟ್ಟಿ ಕಟ್ಟಿ ಕತ್ತಿಯನ್ನು ಸಟ್ ಸಟ್ ಎಂದು ಆ ಕಡೆ ಈ ಕಡೆ ಮಸೆಯತೊಡಗಿದ. ಮುದುಕ ವಾರೆಗಣ್ಣಲ್ಲಿ ನೋಡುತ್ತಿದ್ದ. ಉಗಿಯಲಿಲ್ಲ. ಅವನು ಉಗಿಯದೆ ಕೂತಿದ್ದು ಹೆಂಡತಿಗೂ ಮಗಳಿಗೂ ಸರಿಕಾಣಲಿಲ್ಲ. ಅಂಗಡಿಯವನು ತಾನಾಗಿ ಸಿಕ್ಕಿಹಾಕಿಕೊಳ್ಳಲಿ ಎಂದು ಕಾಯುವ ಇನ್‌ಸ್ಪೆಕ್ಟರ್ ಕೂಡ ಹೀಗೇ ತೆಪ್ಪಗೆ ಕೂರುತ್ತಾನೆ.

ಕತ್ತರಿಯ ಕೆಲಸ ಸಲೀಸಾಗಿ ಮುಗಿಯಿತು. ಬಿಸಿನೀರಲ್ಲಿ ನೆನೆದ ಬ್ರಷ್ ಬಟ್ಟಲಲ್ಲಿ ಸುತ್ತಿ ಸುತ್ತಿ ನೊರೆ ಎದ್ದಿತು. ಬೆಚ್ಚನೆಯ ನೊರೆ ಕೆನ್ನೆಗೆ ತಾಗಿದಾಗ ಮುದುಕನ ಕಣ್ಣು ಒಂದು ಗಳಿಗೆ ತಾನಾಗಿ ಮುಚ್ಚಿತು. ಅದನ್ನು ಕಂಡು ಅಳಿಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಎಡವಟ್ಟಾಗಿದ್ದು ಇಲ್ಲಿಯೇ. ಈ ಮಹಾನುಭಾವ ಇಷ್ಟು ವರ್ಷದಲ್ಲಿ ಬೋಳಿಸಿದ್ದು ಒಂದೇ ಮುಖ, ಅದೂ ಕನ್ನಡಿಯೊಳಗಿನದು. ಎದುರಿಗೆ ಕೂತ ಮುಖದಲ್ಲಿ ಬಲ ಎಡಕ್ಕಿತ್ತು, ಎಡ ಬಲಕ್ಕಿತ್ತು. ಬಲಗೆನ್ನೆಯ ಚರ್ಮ ಒಳಗಿನಿಂದ ಬಿಗಿಯುವವರಿಲ್ಲದೆ ಜೋತಿತ್ತು. ಕೈ ತಡವರಿಸಿತು, ತಡವರಿಸಿದ ಕೈ ತನಗೆ ರೂಢಿಯಿದ್ದ ದಾರಿ ಹಿಡಿಯಿತು. ದವಡೆಯ ಕೆಳಗೆ ಬಂದಾಗ, ತನ್ನ ಸುಳಿ ಇರುವ ಜಾಗದಲ್ಲಿ, ಕೆಳಗಿನಿಂದ ಮೇಲಕ್ಕೆ ಎಳೆದ. ಮುದುಕನಿಗೆ ಅಲ್ಲಿ ಸುಳಿಯೂ ಇಲ್ಲ, ಎಂಥದೂ ಇಲ್ಲ. ಕತ್ತಿ ಎದುರು ಕೂದಲಿಗೆ ಸಿಕ್ಕಿ, ಜಾರಿ, ಚರ್ಮಕ್ಕೆ ಇಳಿಯಿತು.

ಸತ್ತ ಕೆನ್ನೆ. ಮುದುಕ ಮಿಸುಕಲಿಲ್ಲ.

“ನೋಡಿದ್ರಾ ಮಾವ?” ಎಂದ ಅಳಿಯ ಬೀಗುತ್ತ. “ಗೊತ್ತೇ ಆಗ್ಲಿಲ್ಲ ಅಲ್ವಾ? ಒಳ್ಳೇ ಕತ್ತಿ ಅಂದ್ರೆ ಹಂಗೆ.”

“ರೀ, ರಕ್ತ!” ಎಂದು ಮಗಳು ಕೂಗಿದಳು.

ಬಿಳಿ ನೊರೆ ಗುಲಾಬಿಯಾಗಿ, ಕೆಂಪಾಗಿ, ಟವೆಲಿನ ಮೇಲೆ ಇಳಿಯುತ್ತಿತ್ತು. ಮುದುಕ ಮಗಳ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಎಡಗೈ ಎತ್ತಿ ಕತ್ತು ಮುಟ್ಟಿ ಬೆರಳು ನೋಡಿಕೊಂಡ. ಮರುಕ್ಷಣ ನೊರೆಯ ಬಟ್ಟಲು ಗೋಡೆಗೆ ಹೋಗಿ ಬಡಿಯಿತು. ಬ್ಯಾಡ್ಜರ್ ಬ್ರಷ್ ಉರುಳುತ್ತ ಮಂಚದ ಕೆಳಗೆ ಸೇರಿತು.

“ಥೂ! ಥೂ! ಥೂ!”

“ರಕ್ತ ತೆಳು ಆಗೋ ಮಾತ್ರೆ ಕೊಡ್ತಿದಾರೆ ಅಪ್ಪನಿಗೆ, ಗೊತ್ತಿಲ್ವಾ ನಿಮಗೆ? ಇರುವೆ ಕಚ್ಚಿದ್ರೂ ನಿಲ್ಲಲ್ಲ!” ಮಗಳು ಗಂಡನ ಕೈಯಿಂದ ಕತ್ತಿ ಕಿತ್ತುಕೊಂಡು, ಮಡಚಿ, ತನ್ನ ಬ್ಯಾಗಿಗೆ ಹಾಕಿ ಹತ್ತಿ ಹುಡುಕಲು ಓಡಿದಳು. ಅವನು ಜೇಬಿನಿಂದ ಪಟಿಕದ ಕಲ್ಲು ತೆಗೆದು ಒತ್ತಲು ಹೋದರೆ ಮುದುಕ ಮೊಣಕೈಯಲ್ಲಿ ತಿವಿದ. ಅಷ್ಟರಲ್ಲಿ ಅತ್ತೆ, ಯಾರ ಅಪ್ಪಣೆಗೂ ಕಾಯದೆ, ಮೂಲೆಯಲ್ಲಿದ್ದ ಹಳೇ ಪೇಪರಿನ ಅಂಚು ಹರಿದು, ನಾಲಗೆಗೆ ಮುಟ್ಟಿಸಿ, ಗಾಯದ ಮೇಲೆ ಇಟ್ಟು ಹೆಬ್ಬೆರಳಲ್ಲಿ ಅದುಮಿ ಹಿಡಿದರು. ಮಗಳು ಹತ್ತಿ ತರುವ ಹೊತ್ತಿಗೆ ಚೂರು ಕೆಂಪಗೆ ನೆನೆದು ಕಚ್ಚಿಕೊಂಡಿತ್ತು. ಅವಳು ಬಗ್ಗಿ ನೋಡಿ, “ಇನ್ನು ಅದನ್ನ ಯಾರೂ ಮುಟ್ಬೇಡಿ. ಕಿತ್ರೆ ಮತ್ತೆ ಸುರಿಯುತ್ತೆ,” ಎಂದಳು.

ಅಳಿಯ ಕೈ ತೊಳೆಯಲು ಬಚ್ಚಲಿಗೆ ಹೋದ. ನಿಜ ಹೇಳಬೇಕೆಂದರೆ ಅಲ್ಲಿಂದ ಹಿತ್ತಲ ಬಾಗಿಲಲ್ಲಿ ಜಾರಿಕೊಳ್ಳುವ ಯೋಚನೆಯೂ ಇತ್ತು. ತೊಟ್ಟಿಯ ಮೇಲಿನ ಗೂಡಿನಲ್ಲಿ ಮಾವನ ಮೋಟು ಬ್ರಷ್, ಹಳೇ ರೇಜರ್, ಸವೆದ ಸಾಬೂನು ಇದ್ದವು. ಗೋಡೆಯ ಕನ್ನಡಿಗೆ ಅತ್ತೆ ಟವೆಲ್ ಇಳಿಬಿಟ್ಟಿದ್ದರು. ಆಸ್ಪತ್ರೆಯಿಂದ ಬಂದ ದಿನ ಮುದುಕ ಅದರಲ್ಲಿ ತನ್ನ ಸೊಟ್ಟ ಬಾಯಿ ಕಂಡು ಸೋಪಿನ ಡಬ್ಬಿ ಎಸೆದಿದ್ದ. ಅಳಿಯ ಕೈ ಒರೆಸಲು ಆ ಟವೆಲನ್ನೇ ಎಳೆದ. ಎದುರಿಗೆ ತನ್ನ ಮುಖ ಕಂಡಿತು, ನುಣ್ಣಗೆ, ಪೆಚ್ಚಾಗಿ. ಒದ್ದೆ ಕೈ ತಾನಾಗಿ ಎದ್ದು ದವಡೆಯ ಕೆಳಗೆ, ಸುಳಿಯ ಮೇಲೆ ಹೋಗಿ, ಕೆಳಗಿನಿಂದ ಮೇಲಕ್ಕೆ ಸವರಿತು. ಅವನು ಆ ಕೈಯನ್ನೇ ನೋಡಿದ. ಅವನಿಗೆ ಎಲ್ಲವೂ ನಿಧಾನಕ್ಕೆ ಹೊಳೆಯುವುದು, ಆದರೆ ಹೊಳೆಯುವುದಿಲ್ಲ ಎಂದೇನಲ್ಲ.

ಕೋಣೆಗೆ ಬಂದು ಯಾರನ್ನೂ ಕೇಳದೆ ಗಾಲಿಕುರ್ಚಿಯನ್ನು ತಿರುಗಿಸಿದ.

“ಮತ್ತೇನು?” ಎಂದಳು ಮಗಳು.

“ಕನ್ನಡಿ ಬೇಕು,” ಎಂದ. “ಕನ್ನಡಿ ಇಲ್ದೆ ನನಗೆ ಬರಲ್ಲ. ನನ್ನ ಮುಖ ಬಿಟ್ರೆ ಬೇರೆ ಯಾರ ಮುಖಾನೂ ಗೊತ್ತಿಲ್ಲ ನನಗೆ.”

ಇಪ್ಪತ್ತು ವರ್ಷದಲ್ಲಿ ಶೇವಿಂಗ್ ಬಗ್ಗೆ ಅವನು ತಗ್ಗಿ ಆಡಿದ ಮೊದಲ ಮಾತು ಅದು. ಮಗಳು ಗಂಡನ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಮುದುಕ ಚೌಕಟ್ಟು ಹಿಡಿಯಲು ಎಡಗೈ ಚಾಚಿದ, ಆದರೆ ಬಚ್ಚಲಿನ ಬಾಗಿಲಲ್ಲಿ ಕೈಗೆಟುಕುವ ಚೌಕಟ್ಟು ಬಲಕ್ಕಿತ್ತು, ಆ ಕಡೆಯ ಕೈ ಮಡಿಲಲ್ಲಿ ಬಿದ್ದಿತ್ತು.

ಕನ್ನಡಿಯಲ್ಲಿ ಮುದುಕ ತನ್ನನ್ನು ನೋಡಿಕೊಂಡ. ಅರ್ಧ ನೊರೆ, ಅರ್ಧ ಮೋಟುಗಡ್ಡ. ಬಲಗಡೆ ಕೆಳಗಿಳಿದ ಬಾಯಿ. ದವಡೆಯ ಕೆಳಗೆ ಪೇಪರಿನ ಚೂರು. ಊರಿನ ತಕ್ಕಡಿಗಳನ್ನೆಲ್ಲ ನೋಡಿದ್ದ ಕಣ್ಣು ಆ ಮುಖವನ್ನು ಬಹಳ ಹೊತ್ತು ನೋಡಿತು.

“ಥೂ,” ಎಂದ. ಈ ಸಲ ಅದಕ್ಕೆ ದನಿಯೇ ಇರಲಿಲ್ಲ.

ಹಿಂದೆ ನಿಂತ ಅಳಿಯ ಅದು ತನಗೇ ಅಂದುಕೊಂಡ. ಅವನು 'ಥೂ' ಎಲ್ಲಿ ಕೇಳಿದರೂ ತನಗೇ ಅಂದುಕೊಳ್ಳುವ ಪೈಕಿ. ಆದರೂ ಕದಲಲಿಲ್ಲ. ಗೂಡಿನಿಂದ ಮಾವನ ಹಳೇ ರೇಜರ್ ತೆಗೆದು ಹೊಸ ಬ್ಲೇಡು ಹಾಕಿದ, ಮೋಟು ಬ್ರಷ್ ನೆನೆಸಿದ, ಕುರ್ಚಿಯ ಹಿಂದಿನಿಂದ ಬಗ್ಗಿ ತನ್ನ ಗಲ್ಲವನ್ನು ಮಾವನ ಭುಜದ ಮೇಲೆ ಊರುವಷ್ಟು ಹತ್ತಿರ ತಂದ. ಕನ್ನಡಿಯಲ್ಲಿ ಎರಡು ಮುಖ ಅಕ್ಕಪಕ್ಕ ಬಂದವು. ಈಗ ಬಲ ಬಲಕ್ಕಿತ್ತು, ಎಡ ಎಡಕ್ಕಿತ್ತು. ಎಡಗೈಯಿಂದ ಸತ್ತ ಕೆನ್ನೆಯನ್ನು ಕಿವಿಯ ಕಡೆ ಎಳೆದು ಬಿಗಿ ಮಾಡಿ, ಮೊದಲ ಎಳೆತ ಎಳೆದ. ಸರ್ ಎಂದು ಬಂತು.

ದವಡೆಯ ಹತ್ತಿರ ಬಂದಾಗ ಅವನ ಕೈ ನಿಂತಿತು. ಇನ್ನು ಮುಂದೆ ದಾರಿ ಗೊತ್ತಿಲ್ಲ. ಕನ್ನಡಿಯಲ್ಲಿ ಮಾವನನ್ನು ನೋಡಿ, “ಇಲ್ಲಿ ಹೇಗೆ ಮಾವ? ಮೇಲಿಂದ ಕೆಳಗಾ?” ಎಂದು ಕೇಳಿದ.

ಮುದುಕ ದುರುಗುಟ್ಟಿದ. ಇಷ್ಟೂ ತಿಳಿಯದ ಮುಠ್ಠಾಳ ಎಂಬ ನೋಟ. ಆಮೇಲೆ ಎಡಗೈ ಎತ್ತಿ, ತೋರುಬೆರಳನ್ನು ನೊರೆಯ ಮೇಲಿಟ್ಟು, ದವಡೆಯಿಂದ ಗಂಟಲಿನ ಕಡೆಗೆ ಓರೆಯಾಗಿ ಒಂದು ಗೆರೆ ಎಳೆದ. ಅಳಿಯ ಗೆರೆಯ ಮೇಲೆ ರೇಜರ್ ತಂದ. ಬೆರಳು ಮುಂದೆ ಹೋಯಿತು, ರೇಜರ್ ಹಿಂದೆ ಹೋಯಿತು. ಎಲ್ಲಾದರೂ ರೇಜರ್ ಸೊಟ್ಟಗಾದರೆ ಬೆರಳು ಅವನ ಕೈಯ ಮೇಲೆ ಟಪ್ಪನೆ ಹೊಡೆಯುತ್ತಿತ್ತು.

ಮೇಲ್ದುಟಿಯ ಹತ್ತಿರ ಬಂದಾಗ ಅಳಿಯನಿಗೆ ಅಭ್ಯಾಸಬಲ. ತನ್ನ ತುಟಿಯನ್ನು ಹಲ್ಲಿನ ಮೇಲೆ ಎಳೆದುಕೊಂಡು, ಮೂಗು ಒಂದು ಕಡೆಗೆ ತಿರುಚಿ, ಕೋತಿಯ ಹಾಗೆ ಮೂತಿ ಮಾಡಿದ. ಮಾಡುತ್ತಿದ್ದೇನೆಂಬ ಎಚ್ಚರವೇ ಅವನಿಗಿರಲಿಲ್ಲ. ಮುದುಕ ಕನ್ನಡಿಯಲ್ಲಿ ಅದನ್ನು ನೋಡಿದ. ನೋಡಿ, ತಾನೂ ತುಟಿ ಎಳೆದುಕೊಂಡ. ಎಡಗಡೆ ಬಂತು, ಬಲಗಡೆ ಬರಲಿಲ್ಲ. ಬಾಗಿಲಲ್ಲಿ ಹತ್ತಿ ಹಿಡಿದು ನಿಂತಿದ್ದ ಮಗಳಿಗೆ ಕನ್ನಡಿಯಲ್ಲಿ ಒಂದೂವರೆ ಮೂತಿ ಕಂಡಿತು. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ನಗು ತಡೆಯಲಿಕ್ಕೋ ಮತ್ತೆ ಯಾತಕ್ಕೋ ಅವಳಿಗೇ ಗೊತ್ತಿರಲಿಲ್ಲ.

ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಅಳಿಯ ಹಿಂದೆ ಸರಿದ. ಮುದುಕ ಅಂಗೈಯನ್ನು ಎಡಗೆನ್ನೆಯ ಮೇಲೆ ಕೆಳಗಿನಿಂದ ಮೇಲಕ್ಕೆ ತಂದ. ಕೈ ನಡುವೆ ನಿಂತಿತು. ಬೆರಳು ಆ ಜಾಗವನ್ನು ಎರಡು ಸಲ ತಟ್ಟಿತು. ಅಳಿಯ ಅಲ್ಲಿ ಮತ್ತೆ ರೇಜರ್ ತಂದ. ಮತ್ತೆ ಅಂಗೈ ಬಂತು, ಗಲ್ಲದ ಹತ್ತಿರ ನಿಂತಿತು, ತಟ್ಟಿತು. ಹೊತ್ತಾಯಿತು ಎಂದು ಮಗಳು ಹೇಳಿದ್ದು ಇಬ್ಬರಿಗೂ ಕೇಳಿಸಲಿಲ್ಲ. ಆಮೇಲೆ ಅಂಗೈ ಬಲಗೆನ್ನೆಗೆ ದಾಟಿತು. ಕೆನ್ನೆಗೆ ಕೈ ತಿಳಿಯದಿದ್ದರೂ ಕೈಗೆ ಕೆನ್ನೆ ತಿಳಿಯುತ್ತಿತ್ತು. ಪೇಪರಿನ ಚೂರನ್ನು ತಪ್ಪಿಸಿ, ದವಡೆಯ ಅಂಚಿನಿಂದ ನಿಧಾನವಾಗಿ ಮೇಲೇರಿ, ಎಲ್ಲೂ ನಿಲ್ಲದೆ ಕಿವಿಯ ತನಕ ಹೋಯಿತು. ಅಲ್ಲಿಂದ ಇಳಿದು ಮಡಿಲಲ್ಲಿ ಸತ್ತ ಕೈಯ ಮೇಲೆ ಕೂತಿತು.

 ಅಳಿಯ ರೇಜರ್ ತೊಳೆಯುತ್ತಲೇ ಇದ್ದ, ಅದು ಯಾವಾಗಲೋ ತೊಳೆದು ಮುಗಿದಿತ್ತು.

ಹೊರಡುವಾಗ ಮಗಳು ಅಪ್ಪನ ಅಂಗಿಯ ಗುಂಡಿ ಹಾಕಿ, ಬೀದಿಯಲ್ಲಿ ಜನ ನೋಡುತ್ತಾರೆಂದು ದವಡೆಯ ಕೆಳಗಿನ ಚೂರು ತೆಗೆಯಲು ಕೈ ತಂದಳು. ತಾನೇ ಮುಟ್ಟಬೇಡಿ ಎಂದದ್ದು ಮರೆತಿತ್ತು. ಮುದುಕ ಅವಳ ಕೈಯನ್ನು ಸರಿಸಿದ. ಹೊಸ್ತಿಲು ಬಂತು. ಚೌಕಟ್ಟಿಗೆ ಕೈ ಹೋಗಲಿಲ್ಲ. ಅತ್ತೆ ಬಾಗಿಲಲ್ಲಿ ನಿಂತು, “ಇಷ್ಟು ದಿನ ಗಡ್ಡಕ್ಕೆ ಹೆದರಿದ ಗಂಡಸು, ಈಗ ಪೇಪರ್ ಅಂಟಿಸ್ಕೊಂಡು ಮೆರವಣಿಗೆ ಹೊರಟ್ರು ನೋಡಿ,” ಎಂದು ಯಾರಿಗೂ ಅಲ್ಲದೆ ಹೇಳಿ ಗೋಡೆಯ ಮೇಲಿನ ನೊರೆ ತೊಳೆಯಲು ಒಳಗೆ ಹೋದರು.

ಫಿಸಿಯೋಥೆರಪಿಯ ಕೋಣೆಯ ಒಂದು ಗೋಡೆ ಪೂರ್ತಿ ಕನ್ನಡಿ. ಅದರ ಮುಂದೆ ಹಿಡಿದುಕೊಂಡು ನಿಲ್ಲಲು ಎರಡು ಕಂಬಿ, ನೆಲದ ಮೇಲೆ ನೀಲಿ ಚಾಪೆ. ಅಳಿಯ ಗಾಲಿಕುರ್ಚಿಯನ್ನು ತಳ್ಳಿಕೊಂಡು ಹೋಗಿ ಕಂಬಿಗಳ ನಡುವೆ ನಿಲ್ಲಿಸಿದ. ವ್ಯಾಯಾಮ ಮಾಡಿಸುವವಳು, ಬಿಳಿ ಕೋಟಿನ ಗಟ್ಟಿಗಿತ್ತಿ, ಸೊಂಟಕ್ಕೆ ಕೈ ಇಟ್ಟು ನೋಡಿದಳು.

“ಅಂತೂ ಬಂದ್ರಲ್ಲ ಯಜಮಾನ್ರೇ! ಮುಖ ಒಳ್ಳೇ ಮದುಮಗನ ಹಾಗೆ ಮಿಂಚ್ತಿದೆ. ಯಾರು ಶೇವ್ ಮಾಡಿದ್ದು?”

ಮುದುಕ ಗಲ್ಲ ಎತ್ತಿ ಕನ್ನಡಿ ನೋಡಿದ. ಹಿಂದಕ್ಕೆ ತಿರುಗಲಿಲ್ಲ. ಎಡಗೈ ಎತ್ತಿ ಹೆಬ್ಬೆರಳನ್ನು ಭುಜದ ಮೇಲಿಂದ ಹಿಂದಕ್ಕೆ ತೋರಿಸಿ, “ಥೂ,” ಎಂದ.

ಇಪ್ಪತ್ತು ವರ್ಷದ ತಪಸ್ಸಿಗೆ ಸಿಕ್ಕ ವರ ಅಷ್ಟೇ. ಅಷ್ಟಕ್ಕೇ ಅಳಿಯ ಕನ್ನಡಿಯಲ್ಲಿ ಆ ಹೆಬ್ಬೆರಳನ್ನು ನೋಡುತ್ತ, ಶಾಲೆಯಲ್ಲಿ ಹೆಸರು ಕರೆದಾಗ ಎದ್ದು ನಿಂತವನ ಹಾಗೆ ನೆಟ್ಟಗೆ ನಿಂತುಬಿಟ್ಟ.

ಅವಳು ಮುದುಕನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು. ಅವನು ಕಂಬಿ ಹಿಡಿದು ಏಳುವಾಗ ಪೇಪರಿನ ಚೂರು ಒಣಗಿ, ತಾನಾಗಿ ಬಿಟ್ಟುಕೊಂಡು ಚಾಪೆಯ ಮೇಲೆ ಬಿತ್ತು. ಅಳಿಯ ಬಗ್ಗಿ ಅದನ್ನು ಎತ್ತಿಕೊಂಡ. ಎಸೆಯಲು ಆ ಕಡೆ ಈ ಕಡೆ ನೋಡಿದ. ಆಮೇಲೆ ಜೇಬಿಗೆ ಹಾಕಿಕೊಂಡ.